ಆ ಪಾತ್ರಕ್ಕೆ ಒಪ್ಪುವವರು

ಸಿನಿಮಾ ಮುಗಿದು ಭಾಲ್ಕಿಯ ಟೆಂಟಿನಲ್ಲಿ ದೀಪ ಹತ್ತಿದೊಡನೆ, ಕತ್ತಲಲ್ಲಿ ಮೇಲೆತ್ತಿದ್ದ, ಗಂಡಸರಿಗೂ ಹೆಂಗಸರಿಗೂ ನಡುವಿನ ಪರದೆ ಮತ್ತೆ ಇಳಿಯಿತು. ಅದರಾಚೆಯಿಂದ ಮಡೆಪ್ಪ ಮೆಲ್ಲಗೆ ಕೇಳಿದ, “ಹ್ಯಾಂಗಿತ್ತು?”

ಮದುವೆಯಾಗಿ ತಿಂಗಳಾದರೂ ಗಂಡನೊಡನೆ ಒಂದು ಮಾತೂ ಆಡಿರದ ಗುರಮ್ಮನಿಗೆ, ಮುಖ ಕಾಣಿಸದೆ ಇದ್ದುದರಿಂದ ಧೈರ್ಯ ಬಂತು.

“ಬೆಳದಿಂಗಳು, ಹೊಳಿ ಎಲ್ಲಾ ಭಾಳ ಚಂದ ತೆಗದಾರ್ರಿ. ಕತಿನೇ ಸರಿಯಿಲ್ಲ. ಅಕಿ ಕಳದು ಹೋದ್ರ ಹುಡುಕೂದು ಬಿಟ್ಟು ಅಂವ ಕುಂತಲ್ಲೇ ಹಾಡ್ತಾನ. ಆ ಪಾತ್ರಕ್ಕ ಅಂವ ಒಪ್ಪಂಗಿಲ್ರಿ.”

“ಮತ್ತ ಯಾರು ಬೇಕಿತ್ತು?”

ಅವಳು ಪರದೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ನಮ್ಮ ನಿಶ್ಚಯ ಆದ ವರ್ಷ, ನಿಜಾಮನ ಮ್ಯಾಲ ಪೊಲೀಸ್ ಆಕ್ಷನ್ ಆದ ಗದ್ದಲದಾಗ, ನಮ್ಮೂರು ಚಿಂತಾಕಿ ತನಕ ನಡಕೋತ ಬಂದು, ನಮ್ಮ ಬಾಗಲದಾಗ ನಿಂತು ಬರೇ ನೀರು ಕೇಳಿ ಕುಡದು ಹೋದವರು.”

ಆಚೆಯ ಹೆಜ್ಜೆ ಸದ್ದು ಪರದೆಗೆ ಇನ್ನಷ್ಟು ಹತ್ತಿರ ಬಂತು.

“ಅವತ್ತ ನನಗ ನೀರಡಿಕಿನೇ ಇರಲಿಲ್ಲ,” ಎಂದ ಮಡೆಪ್ಪ.