ಟೀಚರ್ ಒಪ್ಪದ ಕಲ್ಲು

ಕಲ್ಲುಕುಟಿಗ ಒಬ್ರಾದ್ ಉಳಿಯ ಮೇಲೆ ಸುತ್ತಿಗೆ ಬೀಸುವಷ್ಟರಲ್ಲಿ ಸ್ತಾಮೆಂಕಾ ಬಂದು ಕಲ್ಲಿನ ಮೇಲೆಯೇ ಕೂತುಬಿಟ್ಟಳು. ಅದು ಅವಳ ಮತ್ತು ಅವಳ ಗಂಡ ದೇಸಿಮಿರ್‌ನ ಗೋರಿಕಲ್ಲು. ಇಬ್ಬರೂ ಗಟ್ಟಿಮುಟ್ಟಾಗಿಯೇ ಇದ್ದರು. ಆದರೆ ಸೆರ್ಬಿಯಾದ ನಮ್ಮ ಕಡೆ ಕಲ್ಲನ್ನು ಬದುಕಿರುವಾಗಲೇ ಮಾಡಿಸಿಡುತ್ತಾರೆ, ಸತ್ತಮೇಲೆ ಬೇರೆಯವರನ್ನು ನಂಬುವ ಹಾಗಿಲ್ಲ. ಇಬ್ಬರ ಮುಖವೂ ಹುಟ್ಟಿದ ವರ್ಷವೂ ಮೂಡಿ ಆಗಿತ್ತು. ಗಂಡನ ಹೆಸರಿನ ಮುಂದೆ ಇಂಗ್ಲಿಷಿನ ಒಂದೆರಡು ಪದ ಮಾತ್ರ ಬಾಕಿ. ಬೇಸಿಗೆಯ ತುತ್ತೂರಿ ಹಬ್ಬಕ್ಕೆ ಬರುವ ಪರದೇಶದವರು ಸ್ಮಶಾನವನ್ನೂ ಬಿಡದೆ ಫೋಟೊ ಹೊಡೆಯುತ್ತಾರೆ. ಅವರಿಗೂ ತಿಳಿಯಲಿ ಅಂತ ದೇಸಿಮಿರ್‌ನ ಆಸೆ.

"ಏಳಿ ಟೀಚರ್," ಅಂದ ಒಬ್ರಾದ್. ಊರ ಶಾಲೆಯಲ್ಲಿ ಅವಳ ಕೈಯಲ್ಲೇ ಇಂಗ್ಲಿಷ್ ಕಲಿತು ಫೇಲಾದವನು.

"ಏನು ಕೆತ್ತಕ್ಕೆ ಹೊರಟಿದೀಯ, ಓದು."

"ದೇಸಿಮಿರ್, ದ ಟ್ರಂಪೆಟರ್."

"'ದ' ತೆಗಿ. 'ಎ' ಹಾಕು."

ಪ್ಲಮ್ ಮರದ ಕೆಳಗಿದ್ದ ದೇಸಿಮಿರ್ ಎದ್ದು ಬಂದ. "ಅಷ್ಟು ಚಿಕ್ಕ ಪದ, ನಿನಗೇನು ಮಾಡ್ತು?"

"ನಮ್ಮ ಭಾಷೇಲಿ ಅದಿಲ್ಲ, ಅದಕ್ಕೇ ನಿಮಗ್ಯಾರಿಗೂ ಅದರ ಭಯ ಇಲ್ಲ. ಕೇಳು. 'ತುತ್ತೂರಿಯವರು ಕುಡೀತಾರೆ' ಅಂದ್ರೆ ಲೋಕದಲ್ಲಿರೋ ತುತ್ತೂರಿಯವರೆಲ್ಲ. ಅಲ್ಲಿ ಮುಂದೆ ಏನೂ ಬೇಡ. 'ಯಾರೋ ಒಬ್ಬ ತುತ್ತೂರಿಯವನು ಕುಡಿದು ಚರಂಡಿಗೆ ಬಿದ್ದ' ಅಂದ್ರೆ 'ಎ'. 'ಆ ತುತ್ತೂರಿಯವನನ್ನ ಹೆಂಡತಿ ಎಳ್ಕೊಂಡು ಬಂದಳು' ಅಂದ್ರೆ 'ದ'. ಯಾರು ಅಂತ ಕೇಳೋರಿಗೆ ಆಗಲೇ ಗೊತ್ತಿರಬೇಕು."

"ಗೊತ್ತಲ್ಲ, ನಾನೇ."

"ಚರಂಡಿ ವಿಷಯಕ್ಕೆ ಗೊತ್ತು. ಕಲ್ಲಿನ ವಿಷಯಕ್ಕಿಲ್ಲ. ಈ ಊರಲ್ಲಿ ಹಲ್ಲಿರೋರೆಲ್ಲ ತುತ್ತೂರಿ ಊದ್ತಾರೆ. ಮೇಲಿನ ಕೇರಿಲಿ ತಿಯೋಸಾವ್ ಇದಾನೆ."

ಆ ಹೆಸರನ್ನು ಆ ಅಂಗಳದಲ್ಲಿ ಎತ್ತುವಂತಿರಲಿಲ್ಲ. ಅವನೂ ದೇಸಿಮಿರನೂ ಒಮ್ಮೆ ಒಂದೇ ಮದುವೆಯಲ್ಲಿ ಊದಿದ್ದರು. ಆ ಪೈಪೋಟಿಗೆ ಹೆಣ್ಣಿನ ಮನೆಯ ಹೆಂಚುಗಳು ಹಾರಿ ಎದುರಿನ ಚರ್ಚಿನ ಮೇಲೆ ಸಾಲಾಗಿ ಕೂತವು. ಪಾದ್ರಿ ಇವತ್ತಿಗೂ ವಾಪಸು ಕೊಟ್ಟಿಲ್ಲ.

"ಅವನು ಊದೋದು ತುತ್ತೂರೀನಲ್ಲ, ಬಿಸಿ ಸೂಪನ್ನ," ಅಂದ ದೇಸಿಮಿರ್. "ಒಬ್ರಾದ್, ಕೆತ್ತೋ."

"ಕೆತ್ತು. ಆದ್ರೆ ನನ್ನ ಮುಖ ಅಳಿಸಿಬಿಡು. ಬದುಕಿಡೀ ಇದೇ ತಪ್ಪನ್ನ ಕೆಂಪು ಇಂಕಲ್ಲಿ ತಿದ್ದಿದೀನಿ. ಸತ್ತಮೇಲೆ ಅದರ ಕೆಳಗೇ ಮಲಗು ಅಂದ್ರೆ ಮಲಗಲ್ಲ. ನಮ್ಮಮ್ಮನ ಪಕ್ಕ ಜಾಗ ಇದೆ."

ದೇಸಿಮಿರ್‌ಗೆ ಆ ಪದವೂ ಬೇಕಿತ್ತು, ಹೆಂಡತಿಯೂ ಬೇಕಿತ್ತು. ಎರಡರಲ್ಲಿ ಒಂದನ್ನೂ ಬಿಡುವ ಆಸಾಮಿಯಲ್ಲ. "ಟೀಚರ್ ತಾನೆ ನೀನು? ಪರೀಕ್ಷೆ ಇಡು," ಅಂದ.

ಅವಳು ಇಟ್ಟಳು. "ಒಬ್ರಾದ್, ಕಫಾನಾಗೆ ಹೋಗಿ ಕುಡೀತಾ ಕೂತಿರೋರಿಗೆ 'ತುತ್ತೂರಿಯವನು ಸತ್ತ' ಅಂತ ಹೇಳು. ಹೆಸರೆತ್ತಬೇಡ. ಯಾವನಾದ್ರೂ 'ಯಾರು' ಅಂದ್ರೆ 'ಎ'. ಯಾರೂ ಏನೂ ಕೇಳದೆ ಎದ್ದು ನಮ್ಮನೆಗೆ ಬಂದ್ರೆ 'ದ'."

"ಇರೋ ಮನುಷ್ಯನನ್ನ ಸತ್ತ ಅನ್ನೋದು ಅಪಶಕುನ, ಟೀಚರ್."

"ಕಲ್ಲೇ ಬಂದು ಅಂಗಳದಲ್ಲಿ ಮಲಗಿದೆ, ಇನ್ನೇನು ಶಕುನ. ನಡಿ," ಅಂದವನು ದೇಸಿಮಿರ್.

ಒಬ್ರಾದ್ ಹೋಗಿ ಹೇಳಿದ. ಯಾರು ಅಂತ ಒಬ್ಬನೂ ಕೇಳಲಿಲ್ಲ. ಟೋಪಿ ತೆಗೆದರು, ಸತ್ತವನ ಪಾಲಿನ ರಾಕಿಯಾ ಸಾರಾಯಿಯನ್ನು ನೆಲಕ್ಕೆ ಒಂದು ತೊಟ್ಟು ಚೆಲ್ಲಿದರು, ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ, ಅಂಗಡಿಯಲ್ಲಿ ಕಾಫಿಪುಡಿ ಸಕ್ಕರೆ ಕಟ್ಟಿಸಿಕೊಂಡರು. ಒಬ್ರಾದ್ ಅವರ ಹಿಂದೆ ಖುಷಿಯಾಗಿ ಹೆಜ್ಜೆ ಹಾಕಿದ. ಊರ ಬಾವಿಯ ಹತ್ತಿರ ದಾರಿ ಒಡೆಯುತ್ತದೆ. ಎಡಕ್ಕೆ ಹೋದರೆ ದೇಸಿಮಿರ್‌ನ ಮನೆ. ಜನವೆಲ್ಲ ಬಲಕ್ಕೆ ತಿರುಗಿ ಮೇಲಿನ ಕೇರಿ ಹತ್ತಿದರು.

ಬಾಗಿಲು ತೆರೆದವನು ತಿಯೋಸಾವೇ. ಅರ್ಧ ಗಡ್ಡ ಬೋಳಿಸಿದ್ದ, ಉಳಿದರ್ಧದಲ್ಲಿ ಸೋಪಿನ ನೊರೆ. ಬಂದವರು ಕಾಫಿ ಪೊಟ್ಟಣ ಹಿಡಿದುಕೊಂಡು ಬೆಪ್ಪಾಗಿ ನಿಂತರು.

"ತುತ್ತೂರಿಯವನು ಸತ್ತನಂತೆ," ಅಂದ ಮುಂದಿದ್ದವನು, ಬೇರೇನೂ ತೋಚದೆ.

ತಿಯೋಸಾವ್ ಯಾರು ಅಂತ ಕೇಳಲಿಲ್ಲ. ತೋಳಿನಿಂದ ನೊರೆ ಒರೆಸಿಕೊಂಡ, ಮೊಳೆಯಿಂದ ತುತ್ತೂರಿ ಇಳಿಸಿದ, ಅವರ ನಡುವೆ ದಾರಿ ಮಾಡಿಕೊಂಡು ಕೆಳಕ್ಕೆ ನಡೆದ. ಜನ ಹಿಂಬಾಲಿಸಿದರು.

ದೇಸಿಮಿರ್‌ನ ಗೇಟಿನ ಮುಂದೆ ನಿಂತು, ಕಣ್ಣು ಮುಚ್ಚಿ, ಸತ್ತವರನ್ನು ಕಳಿಸಿಕೊಡುವ ರಾಗ ಊದತೊಡಗಿದ. ನಡುವೆ ಕಣ್ಣು ಬಿಟ್ಟರೆ ಸತ್ತವನು ಎದುರಿಗೇ ನಿಂತು ಪ್ಲಮ್ ತಿನ್ನುತ್ತಿದ್ದ. ತಿಯೋಸಾವ್ ನಿಲ್ಲಿಸಲಿಲ್ಲ, ಕೊನೆಯವರೆಗೂ ಊದಿದ. ಎಷ್ಟು ಚೆನ್ನಾಗಿ ಊದಿದನೆಂದರೆ, ಮೊದಲು ಅತ್ತವನು ಸತ್ತವನೇ.

"ಬದುಕಿದೀಯಲ್ಲೋ ಕತ್ತೆ," ಅಂದ ತಿಯೋಸಾವ್, ತುತ್ತೂರಿಯೊಳಗಿನ ಎಂಜಲು ಕೊಡವುತ್ತಾ. "ಮೊದಲೇ ಹೇಳಿದ್ರೆ ಗಡ್ಡನಾದ್ರೂ ಮುಗಿಸ್ತಿದ್ದೆ."

ಸ್ತಾಮೆಂಕಾ ಕಲ್ಲಿನ ಮೇಲಿಂದ ಕೇಳಿದಳು: "ಸತ್ತಿದ್ದು ದೇಸಿಮಿರ್ ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ತುತ್ತೂರಿಯವನು ಅಂದ್ರು. ಮತ್ತಿನ್ಯಾರು?"

ಊರವರು ಕಾಫಿ ಪೊಟ್ಟಣಗಳನ್ನು ಬೆನ್ನ ಹಿಂದೆ ಮರೆಮಾಡಿದರು. ಸ್ತಾಮೆಂಕಾ ಕಲ್ಲಿನ ಮೇಲಿಂದ ಇಳಿದು, ಲಂಗದ ಧೂಳು ಕೊಡವಿ, ಉಳಿಯನ್ನು ಒಬ್ರಾದ್‌ನ ಕೈಗೆ ಕೊಟ್ಟಳು.

"ಕೆತ್ತು. ಇದರ ಕೆಳಗೆ ಮಲಗ್ತೀನಿ."