ಒಂಬತ್ತು ವರ್ಷ, ಒಂದೂ ತಪ್ಪಿಲ್ಲ

“ಇವಳೂ ಬೇಡ,” ಎಂದು ಮಾರಿಟ್ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು.

“ಇವಳೇನು ಮಾಡಿದ್ಲು?” ಆರ್ಲೊ ಕಾರು ಓಡಿಸುತ್ತಲೇ ಕೇಳಿದ.

“ಸಿಂಕಿನ ಕೆಳಗಿನ ಬಾಗಿಲಿಗೆ ಬೀಗ ಇರ್ಲಿಲ್ವಂತೆ. ಹೋದ ಮಾರ್ಚಲ್ಲಿ.”

“ನಮ್ಮ ಸಿಂಕಿಗೂ ಇಲ್ಲ.”

“ನಮಗೆ ಸರ್ಕಾರ ಪರವಾನಗಿ ಕೊಟ್ಟಿಲ್ವಲ್ಲ.”

ಹಿಂದಿನ ಸೀಟಿನಲ್ಲಿ ಎಂಟು ತಿಂಗಳ ಜೂನಿ ಕಾಲುಚೀಲ ಕಿತ್ತು ಬಾಯಿಗೆ ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ಮಾರಿಟ್ ಆಸ್ಪತ್ರೆಯ ಲ್ಯಾಬಿನಲ್ಲಿ ಹೊಸ ಕೆಲಸಕ್ಕೆ ಸೇರಬೇಕು. ಬಹಳ ಕಾದು ಸಿಕ್ಕ ಕೆಲಸ. ಇವತ್ತು ಶನಿವಾರ. ಜೂನಿಯನ್ನು ಹಗಲು ನೋಡಿಕೊಳ್ಳುವವರು ಇನ್ನೂ ಸಿಕ್ಕಿಲ್ಲ. ಡುಲೂತ್ ಊರಿನಲ್ಲಿ ಜಾಗ ಖಾಲಿ ಇರುವ ಡೇ ಕೇರ್ ಮನೆಗಳೇ ಕಡಿಮೆ. ಇದ್ದವನ್ನೂ ಮಾರಿಟ್ ಒಂದೊಂದಾಗಿ ಹೊಡೆದುಹಾಕಿದ್ದಳು. ರಾಜ್ಯದ ವೆಬ್‌ಸೈಟಿನಲ್ಲಿ ಪ್ರತಿ ಮನೆಯ ಪರವಾನಗಿ, ಪ್ರತಿ ತಪಾಸಣೆ, ಸಿಕ್ಕ ಪ್ರತಿ ತಪ್ಪು ಇರುತ್ತದೆ. ಬೇರೆಯವರು ಧಾರಾವಾಹಿ ನೋಡುವ ಹಾಗೆ ಅವಳು ಅದನ್ನು ನೋಡುತ್ತಿದ್ದಳು.

ಆರ್ಲೊಗೆ ಹಿಡಿಸಿದ್ದು ಡಾಟಿಯ ಮನೆ. ಗುರುವಾರ ಹೋಗಿದ್ದರು. ಬಾಗಿಲು ತೆರೆದ ಕೂಡಲೇ ಗದ್ದಲ ಮುಖಕ್ಕೆ ಬಡಿಯಿತು. ಒಬ್ಬ ಹುಡುಗ ತಲೆಯ ಮೇಲೆ ಬಾಣಲೆ ಹಾಕಿಕೊಂಡು ರೈಲಾಗಿದ್ದ. ಅವನ ಹಿಂದೆ ಐದು ಬೋಗಿಗಳು. ಗೋಡೆಯ ಕೆಳ ಅರ್ಧದಲ್ಲಿ ಕ್ರೇಯಾನ್ ಗೆರೆ, ಮೇಲಿನ ಅರ್ಧದಲ್ಲಿ ಟೊಮೆಟೊ ಸಾಸ್. ಫ್ರಿಜ್ಜಿನ ಮೇಲೆ ಮಕ್ಕಳ ಚಿತ್ರಗಳ ನಡುವೆಯೇ ತಪಾಸಣೆಯ ವರದಿ ಅಂಟಿಸಿತ್ತು.

“ನಾಲ್ಕು ತಪ್ಪು ಇವೆ,” ಎಂದಳು ಮಾರಿಟ್, ಓದುವ ಮೊದಲೇ.

“ಇದ್ವು ಕಣಮ್ಮ. ಎಲ್ಲಾ ಸರಿಮಾಡಿದೀನಿ.” ಡಾಟಿ ಒಂದು ಮಗುವಿನ ಮೂಗು ಒರೆಸುತ್ತಲೇ ನಕ್ಕಳು. “ವರದೀಲಿರೋ ಆ ಗೇಟನ್ನ ದಿನಾ ಆರು ಜನ ಹಿಡ್ಕೊಂಡು ಜೋತಾಡ್ತಾರೆ. ಚಿಲಕ ಸಡಿಲ ಆಗ್ದೆ ಇರುತ್ತಾ?”

ಬಾಣಲೆಯ ಹುಡುಗ ಜೂನಿಯ ಮುಂದೆ ನಿಂತು ಕೂ ಎಂದು ಕೂಗಿದ. ಜೂನಿ ಹೊಟ್ಟೆ ಕುಲುಕಿಸಿ ನಕ್ಕಳು. ಮಾರಿಟ್ ನಗಲಿಲ್ಲ. ಹೊರಡುವಾಗ ಡಾಟಿ, “ಒಂದೇ ಜಾಗ ಇರೋದು. ಶನಿವಾರ ಮಧ್ಯಾಹ್ನದ ತನಕ ನಿಮಗೋಸ್ಕರ ಇಟ್ಟಿರ್ತೀನಿ,” ಎಂದಿದ್ದಳು.

ಈ ಬೆಳಿಗ್ಗೆ, ಕಾರಿನಲ್ಲಿ ವೆಬ್‌ಸೈಟ್ ಹುಡುಕುತ್ತಲೇ, ಮಾರಿಟ್‌ಗೆ ಮಿಸ್ ಟಾಲ್‌ಬರ್ಗ್‌ಳ ಹೆಸರು ಸಿಕ್ಕಿತು. ಒಂಬತ್ತು ವರ್ಷದ ಪರವಾನಗಿ. ತಪಾಸಣೆಯಾದಾಗಲೆಲ್ಲ ಒಂದೇ ಸಾಲು: ತಪ್ಪುಗಳಿಲ್ಲ.

“ಅಷ್ಟು ಚೆನ್ನಾಗಿದ್ರೆ ಜಾಗ ಯಾಕೆ ಖಾಲಿ ಇದೆ?” ಆರ್ಲೊ ಆಕೆಯ ಮನೆಯೆದುರು ಕಾರು ನಿಲ್ಲಿಸುತ್ತಾ ಕೇಳಿದ.

“ನಮ್ಮ ಅದೃಷ್ಟ. ನಾನು ಬರೋದ್ರೊಳಗೆ ಡಾಟಿಗೆ ಫೋನ್ ಮಾಡಿ ಬೇಡ ಅಂತ ಹೇಳ್ಬಿಡು.”

“ಹೂಂ, ಫೋನ್ ಮಾಡ್ತೀನಿ.”

ಜೂನಿಯನ್ನು ಎತ್ತಿಕೊಂಡು ಬಂದ ಮಾರಿಟ್‌ಳ ಬೂಟನ್ನು ಮಿಸ್ ಟಾಲ್‌ಬರ್ಗ್ ಬಾಗಿಲಲ್ಲೇ ತೆಗೆಸಿ, ಅದರಡಿ ತಟ್ಟೆ ಇಟ್ಟು, ಕರಗಿದ ಹಿಮವನ್ನು ಒರೆಸಿದಳು. ಮಾರಿಟ್‌ಗೆ ಅಲ್ಲೇ ಅರ್ಧ ಸಮಾಧಾನವಾಯಿತು.

ಒಳಗೆ ಉಳಿದರ್ಧ. ಪರವಾನಗಿ ಗಾಜಿನ ಚೌಕಟ್ಟಿನಲ್ಲಿತ್ತು. ಡಬ್ಬಿಯಲ್ಲಿ ಕ್ರೇಯಾನುಗಳು ಒಂದೇ ಎತ್ತರಕ್ಕೆ, ಚೂಪಾಗಿ ನಿಂತಿದ್ದವು. ಮರದ ಕುದುರೆಯ ಜೂಲು ಬಾಚಿತ್ತು. ಮಾರಿಟ್ ಒಂದು ಚಿತ್ರಪುಸ್ತಕ ತೆರೆದಾಗ ಅದರ ಬೆನ್ನು ಚಟ್ಟೆಂದಿತು. ಕಿಟಕಿಯಾಚೆ ಹಿತ್ತಲು, ಉಯ್ಯಾಲೆ. ವಾರದ ಹಿಂದೆ ಬಿದ್ದ ಹಿಮ ಹಾಸಿದ ಹಾಲಿನ ಕೆನೆಯಂತೆ ಹಾಗೇ ಇತ್ತು.

“ಎಷ್ಟು ಚೊಕ್ಕ!” ಎಂದಳು ಮಾರಿಟ್.

“ಇನ್ನು ಹೇಗಿರ್ಬೇಕು?” ಮಿಸ್ ಟಾಲ್‌ಬರ್ಗ್ ಹೆಮ್ಮೆಯಿಂದ ಕೈಕಟ್ಟಿದಳು.

“ಯಾರಾದ್ರೂ ಬಿದ್ದು ಪೆಟ್ಟು ಮಾಡ್ಕೊಂಡಿದ್ದು?”

“ಈ ಮನೇಲಿ ಒಂದು ಮಗೂನೂ ಬಿದ್ದಿಲ್ಲ.”

“ಕಚ್ಚಿದ್ದು, ಕಿತ್ತಾಡಿದ್ದು?”

“ಒಂದು ಸಲಾನೂ ಇಲ್ಲ. ತಪಾಸಣೆಗೆ ಬರೋರು ಇಲ್ಲೇ ಕೂತು ಕಾಫಿ ಕುಡಿದು ಹೋಗ್ತಾರೆ. ಬೇರೇನೂ ಕೆಲಸ ಇರಲ್ಲ ಅವ್ರಿಗೆ.”

ಈಗ ಪ್ರಶ್ನೆ ಕೇಳುವ ಸರದಿ ಮಿಸ್ ಟಾಲ್‌ಬರ್ಗ್‌ಳದು. ಜೂನಿಗೆ ಹಲ್ಲು ಬರುತ್ತಿದೆಯೇ? ಅಂಬೆಗಾಲಿಡುತ್ತಾಳೆಯೇ? ನೆಗಡಿಯಾಗುತ್ತದೆಯೇ? ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾಳೆಯೇ? ಎಂಥ ಜಾಗ್ರತೆ ಎಂದು ಮಾರಿಟ್ ಮೆಚ್ಚಿಕೊಂಡಳು. ಪ್ರತಿ ಹೌದಿಗೂ ಮಿಸ್ ಟಾಲ್‌ಬರ್ಗ್‌ಳ ತುಟಿ ತುಸು ಬಿಗಿಯಾಯಿತು. ಅಷ್ಟರಲ್ಲಿ ಜೂನಿ ಬಾಗಿ ಮರದ ಕುದುರೆಯ ಕಿವಿ ಚೀಪಿದಳು. ಮಿಸ್ ಟಾಲ್‌ಬರ್ಗ್ ಓಡಿ ಬಂದು, ಜೇಬಿನಿಂದ ಬಟ್ಟೆ ತೆಗೆದು, ಕುದುರೆಯ ಕಿವಿ ಒರೆಸಿದಳು.

ಮಾರಿಟ್ ಕೊನೆಯದೊಂದು ಪ್ರಶ್ನೆ ಕೇಳಿದಳು. ಸುಮ್ಮನೆ, ಮಾತಿಗೆ: ಜೂನಿಯ ಜೊತೆಗೆ ಯಾರ್ಯಾರು ಇರುತ್ತಾರೆ?

ಮಿಸ್ ಟಾಲ್‌ಬರ್ಗ್ ಉತ್ತರ ಕೊಟ್ಟಳು.

ಮಾರಿಟ್ ಎಡಗಾಲಿನ ಬೂಟನ್ನು ಬಲಗಾಲಿಗೆ ತುರುಕಿಕೊಂಡು, ಮಗುವನ್ನು ಅಪ್ಪಿಕೊಂಡು, ಜಾರುವ ಮೆಟ್ಟಿಲಿಳಿದು ಕಾರಿನ ಬಾಗಿಲು ಕಿತ್ತಂತೆ ತೆರೆದಳು.

“ಡಾಟಿಗೆ ಹೇಳ್ಬಿಟ್ಯಾ?”

“ಹೇಳ್ದೆ.”

“ಅಯ್ಯೋ, ಆರ್ಲೊ! ಏನಂತ ಹೇಳ್ದೆ?”

“ಸೋಮವಾರ ಏಳು ಗಂಟೆಗೆ ಕರ್ಕೊಂಡು ಬರ್ತೀವಿ ಅಂತ.” ಅವನು ತಲೆ ತಗ್ಗಿಸಿ ಬೈಗುಳಕ್ಕೆ ಸಿದ್ಧನಾದ. “ಬೈಯೋದಾದ್ರೆ ಬೈದ್ಬಿಡು. ಜೂನಿ ಅಲ್ಲಿ ನಕ್ಕಿದ್ಲು.”

ಬೈಗುಳ ಬರಲಿಲ್ಲ. ಅವನ ಕೆನ್ನೆಗೆ ಮುತ್ತು ಬಿತ್ತು. ಹಿಂದೆ ಜೂನಿ ಎರಡನೆಯ ಕಾಲುಚೀಲವನ್ನೂ ಕಿತ್ತಳು.

ಆರ್ಲೊ ಬೆಪ್ಪಾಗಿ ಕೆನ್ನೆ ಮುಟ್ಟಿಕೊಂಡ. “ಯಾಕೆ, ಇಲ್ಲೂ ಏನಾದ್ರೂ ತಪ್ಪು ಸಿಕ್ತಾ?”

“ಒಂದೂ ಇಲ್ಲ,” ಎಂದಳು ಮಾರಿಟ್, “ಮಕ್ಕಳನ್ನ ಸೇರಿಸ್ಕೊಂಡ್ರೆ ದಾಖಲೆ ಕೆಡುತ್ತೆ ಅಂತ ಒಂಬತ್ತು ವರ್ಷದಿಂದ ಒಬ್ರನ್ನೂ ಸೇರಿಸ್ಕೊಂಡಿಲ್ವಂತೆ!”