ಬನ್ನಿ, ಊಟ ಮಾಡಿ

ನಾಯಿಗಳಿಗೆ ಮಾತು ಬಂದ ವರ್ಷವೇ ವನಮಾಲಾ ತಾವು ಸಾಕಿದ ನಾಯಿ ಬೋರನಿಗೆ ಒಂದು ಮರ್ಯಾದೆ ಕಲಿಸಿದ್ದರು: ಮನೆಗೆ ಬಂದವರನ್ನು ಊಟಕ್ಕೆ ಕರೆಯದೆ ತಟ್ಟೆಗೆ ಬಾಯಿ ಹಾಕಬಾರದು.

ಅಂಗಡಿಯ ಪ್ಯಾಕೆಟ್ ಆಹಾರ ತಿಂದು ಬೋರ ವಾರವಿಡೀ ವಾಂತಿ ಮಾಡಿಕೊಂಡ. ದೂರು ಕೊಟ್ಟ ಮೇಲೆ ಕಂಪನಿಯವನು ಮನೆಗೇ ಬಂದ. ಹೊಸ ಪ್ಯಾಕೆಟ್ ಒಡೆದು ತಟ್ಟೆಗೆ ಸುರಿದು, “ಇದ್ರಲ್ಲಿ ಏನೂ ದೋಷ ಇಲ್ಲಮ್ಮ, ಮನುಷ್ಯರೂ ತಿನ್ಬೋದು” ಎಂದ.

ಬೋರ ತಟ್ಟೆಯನ್ನು ಮೂತಿಯಿಂದ ಅವನ ಮುಂದಕ್ಕೆ ತಳ್ಳಿದ. “ಬನ್ನಿ ಸಾರ್, ಊಟ ಮಾಡಿ.”

“ನಂದು ಈಗಷ್ಟೇ ಆಯ್ತು.”

ಬೋರ ಅವನ ಕೈ ಮೂಸಿದ. “ಇಲ್ಲ ಸಾರ್, ಬೆಳಿಗ್ಗೆಯಿಂದ ಬರೀ ಕಾಫಿ ಕುಡ್ದಿದೀರ. ಸಂಕೋಚ ಬೇಡ, ಕೂತ್ಕೊಳ್ಳಿ.”

ಕಂಪನಿಯವನು ಪ್ಯಾಕೆಟ್ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟ. ವನಮಾಲಾ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿದರು: “ನಮ್ಮ ಬೋರ ಯಾರನ್ನೂ ಉಪವಾಸ ಕಳಿಸೋನಲ್ಲ. ಅವರೇ ಬೇಡ ಅಂದ್ರು.”